ಓಲೆಯಾದ ದೂರವಾಣಿ

‘ದೂರವಾಣಿ’ ಎಂಬ ಹೆಸರಿನಲ್ಲಿಯೇ ಆ ಯಂತ್ರದ ಕೆಲಸವೇನೆಂಬುದು ಅಡಗಿದೆ. ದೂರದಲ್ಲಿರುವವರ ದನಿಯನ್ನು ಹತ್ತಿರಕ್ಕೆ ತರುವುದೇ ಅದರ ಧರ್ಮ. 1876ನೆಯ ಇಸವಿ ಮಾರ್ಚ್ 10ರಂದು ಅಲೆಕ್ಸಾಂಡರ್ ಗ್ರಹಾಂ ಬೆಲ್ ಬಾಸ್ಟನ್ ನಗರದಲ್ಲಿ, ಪಕ್ಕದ ಕೋಣೆಯಲ್ಲಿದ್ದ ತನ್ನ ಸಹಾಯಕ ವಾಟ್ಸನ್ನನನ್ನು ತಂತಿಯ ಮೂಲಕ ಕರೆದಂದಿನಿಂದ ನೂರು ವರ್ಷಗಳಿಗೂ ಮಿಕ್ಕಿದ ಕಾಲ ಈ ಯಂತ್ರವು ಆ ಒಂದೇ ಧರ್ಮವನ್ನು ಪಾಲಿಸಿಕೊಂಡು ಬಂದಿತು. ಇಂದು ಅದು ಮೇಜನ್ನು ಬಿಟ್ಟು ಜೇಬಿಗೆ ಇಳಿದಿದೆ. ಆದರೆ ಬಸ್ಸಿನಲ್ಲಾಗಲಿ ಅಂಗಡಿಯ ಜಗುಲಿಯಲ್ಲಾಗಲಿ ನೋಡಿದರೆ, ಅದನ್ನು ಕಿವಿಗೆ ಹಿಡಿದವರಿಗಿಂತ ಕಣ್ಣಿನ ಮುಂದೆ ಹಿಡಿದವರೇ ಹೆಚ್ಚಾಗಿ ಕಾಣುತ್ತಾರೆ. ಅವರು ಮಾತನಾಡುತ್ತಿಲ್ಲ, ಬರೆಯುತ್ತಿದ್ದಾರೆ. ಗೆಳೆಯರ ನಡುವೆ ಒಂದು ಕಾಲಕ್ಕೆ ಗಂಟೆಗಟ್ಟಲೆ ನಡೆಯುತ್ತಿದ್ದ ಹರಟೆಯು ಈಗ ಹೆಬ್ಬೆರಳಿನ ತುದಿಯಿಂದ ತುಣುಕು ತುಣುಕಾಗಿ ಹೊರಬೀಳುತ್ತಿದೆ.

ಬೆಲ್ಲನ ಯಂತ್ರ ಹುಟ್ಟುವ ಮೊದಲು ಇದ್ದುದು ತಂತಿ. ಅದು ಅಕ್ಷರಗಳನ್ನು ಮಾತ್ರ ಸಾಗಿಸುತ್ತಿತ್ತು. ಅಕ್ಷರದ ಹಂಗಿಲ್ಲದೆ ದನಿಯನ್ನೇ ಕಳುಹಿಸಬಹುದೆಂಬುದು ದೂರವಾಣಿಯ ಹೆಗ್ಗಳಿಕೆಯಾಗಿತ್ತು. ಅದೇ ದೂರವಾಣಿಯು ಈಗ ತಿರುಗಿ ಅಕ್ಷರಗಳ ಕಡೆಗೆ ನಡೆದಿದೆ! ನಮ್ಮ ದೇಶದ ತಂತಿ ಸೇವೆಯು 2013ರ ಜುಲೈ 14ರ ರಾತ್ರಿ ಕೊನೆಗೊಂಡಿತು. ಆ ವೇಳೆಗಾಗಲೇ ಪ್ರತಿಯೊಬ್ಬನ ಜೇಬಿನಲ್ಲಿಯೂ ಒಂದೊಂದು ತಂತಿ ಕಛೇರಿ ತೆರೆದಿತ್ತು. ಬ್ರಿಟನ್ನಿನಲ್ಲಿ ದೂರಸಂಪರ್ಕವನ್ನು ನೋಡಿಕೊಳ್ಳುವ ಆಫ್‌ಕಾಮ್ ಸಂಸ್ಥೆಯು 2012ರಲ್ಲಿ ಹೊರಡಿಸಿದ ವರದಿಯ ಪ್ರಕಾರ, ಅದರ ಹಿಂದಿನ ವರ್ಷ ಆ ದೇಶದ ಜನ ಮೊಬೈಲಿನಲ್ಲಿ ಮಾತನಾಡಿದ ಕಾಲವು ಮೊತ್ತಮೊದಲ ಬಾರಿಗೆ ಇಳಿಮುಖವಾಗಿತ್ತು. ಸರಾಸರಿ ಒಬ್ಬನು ಕಳುಹಿಸುತ್ತಿದ್ದ ಕಿರುಸಂದೇಶಗಳು ವಾರಕ್ಕೆ 50ರಷ್ಟಿದ್ದುವು.

ಇದಕ್ಕೆ ಕಾರಣವೇನು? ‘ಅಗ್ಗವಾದುದರಿಂದ’ ಎಂದು ಕೆಲವರು ಹೇಳುತ್ತಾರೆ. ‘ಈಗಿನವರಿಗೆ ಸ್ನೇಹವೇ ಬೇಡ’ ಎಂದು ಹಿರಿಯರು ಗೊಣಗುತ್ತಾರೆ. ಎರಡೂ ಪೂರ್ತಿ ಸರಿಯಲ್ಲವೆಂದು ನಮಗೆ ತೋರುತ್ತದೆ. ನಿಜವಾದ ಕಾರಣವನ್ನು ಹುಡುಕಲು ನಾವು ವಾಚಕರನ್ನು ಮದ್ದೂರಿಗೆ ಕರೆದುಕೊಂಡು ಹೋಗಬೇಕಾಗಿದೆ. ವಡೆಗೆ ಹೆಸರಾದ ಮಂಡ್ಯ ಜಿಲ್ಲೆಯ ಮದ್ದೂರಲ್ಲ; ಚಾಮರಾಜನಗರ ಜಿಲ್ಲೆಯ ಗುಂಡ್ಲುಪೇಟೆ ತಾಲ್ಲೂಕಿನಲ್ಲಿ, ಬಂಡೀಪುರದ ಕಾಡಿನ ಅಂಚಿಗೆ ಒತ್ತಿಕೊಂಡಿರುವ ಮದ್ದೂರು.

ಗುಂಡ್ಲುಪೇಟೆಯಿಂದ ಕೇರಳದ ಸುಲ್ತಾನ್ ಬತ್ತೇರಿಗೆ ಹೋಗುವ ಹೆದ್ದಾರಿಯು ಚೆಂಡುಹೂವು, ಸೂರ್ಯಕಾಂತಿ, ತರಕಾರಿಗಳ ಹೊಲಗಳನ್ನು ದಾಟಿ ಮದ್ದೂರಿನ ಬಳಿ ಕಾಡನ್ನು ಹೊಗುತ್ತದೆ. ಅಲ್ಲಿ ಅರಣ್ಯ ಇಲಾಖೆಯ ತಪಾಸಣೆಯ ಠಾಣೆಯೊಂದಿದೆ. ವನ್ಯಮೃಗಗಳು ವಾಹನಗಳಿಗೆ ಸಿಕ್ಕಿ ಸಾಯುವುದನ್ನು ತಡೆಯಲು 2009ರಿಂದ ಈ ದಾರಿಯಲ್ಲಿ ರಾತ್ರಿ 9 ಗಂಟೆಯಿಂದ ಬೆಳಿಗ್ಗೆ 6 ಗಂಟೆಯವರೆಗೆ ಸಾಮಾನ್ಯ ವಾಹನಗಳ ಸಂಚಾರವನ್ನು ನಿಲ್ಲಿಸಲಾಗಿದೆ. ಹೊತ್ತು ಮೀರಿ ಬಂದ ಲಾರಿಯವರು ಬೆಳಗಿನವರೆಗೆ ಕಾಯದೆ ವಿಧಿಯಿಲ್ಲ. ಹಗಲಿನಲ್ಲಿ ಮುಂದೆ ಸಾಗುವವರ ಕೈಯಲ್ಲಿನ ಮೊಬೈಲಿನ ಸಂಕೇತದ ಗೆರೆಗಳು ಕಾಡು ದಟ್ಟವಾದಂತೆ ಒಂದೊಂದಾಗಿ ಕಳಚಿಹೋಗುತ್ತವೆ. ರೇಡಿಯೋ ಅಲೆಗಳಿಗೆ ಬೆಟ್ಟವು ಗೋಡೆಯಿದ್ದಂತೆ; ನೀರು ತುಂಬಿದ ಹಸಿರೆಲೆಗಳೂ ಅವುಗಳ ಬಲವನ್ನು ಹೀರಿಬಿಡುತ್ತವೆ. ಜನವಿಲ್ಲದ ಕಾಡಿನ ನಡುವೆ ಗೋಪುರಗಳನ್ನು ನಿಲ್ಲಿಸುವವರೂ ಇಲ್ಲ, ನಿಲ್ಲಿಸುವುದು ಉಚಿತವೂ ಅಲ್ಲ.

ಈ ಕಾಡಂಚಿನಲ್ಲಿ ನಿಂತ ಒಬ್ಬ ಯುವಕನು ಬೆಂಗಳೂರಿನಲ್ಲಿರುವ ತನ್ನ ಗೆಳೆಯನೊಡನೆ ಮಾತನಾಡಲು ಯತ್ನಿಸುತ್ತಿದ್ದಾನೆಂದು ಇಟ್ಟುಕೊಳ್ಳೋಣ. ‘ಹಲೋ’ ಎನ್ನುವುದು ಕೇಳಿಸುತ್ತದೆ, ಮುಂದಿನ ಮಾತು ಮುರಿಯುತ್ತದೆ, ಕೊನೆಗೆ ಸಂಪರ್ಕವೇ ಕಡಿದುಹೋಗುತ್ತದೆ. ಬೇಸತ್ತ ಅವನು ನಾಲ್ಕು ಮಾತು ಬರೆದು ಕಳುಹಿಸಿದರೆ, ಅದು ಹೇಗೋ ಗೆಳೆಯನನ್ನು ಮುಟ್ಟುತ್ತದೆ. ಗಾಳಿಯೂ ಅದೇ, ಗೋಪುರವೂ ಅದೇ. ದನಿ ಹೋಗದಿದ್ದ ಕಡೆ ಬರಹ ಹೋದುದು ಹೇಗೆ?

ಕಾಯಲಾರದ ದನಿ, ಕಾಯಬಲ್ಲ ಬರಹ

ಮೊಬೈಲು ನಮ್ಮ ದನಿಯನ್ನು ಇಡಿಯಾಗಿ ಸಾಗಿಸುವುದಿಲ್ಲ. ಅದನ್ನು ಒಂದು ಸೆಕೆಂಡಿಗೆ 50ರಂತೆ ಚೂರುಗಳಾಗಿ ಕತ್ತರಿಸಿ, ಪ್ರತಿಯೊಂದು ಚೂರನ್ನೂ ಸೊನ್ನೆ ಮತ್ತು ಒಂದುಗಳ ಸರಣಿಯನ್ನಾಗಿ ಮಾರ್ಪಡಿಸಿ ಕಳುಹಿಸುತ್ತದೆ. ಸೊನ್ನೆಯಾಗಲಿ ಒಂದಾಗಲಿ, ಅಂಥ ಒಂದು ಅಂಕಿಗೆ ‘ಬಿಟ್’ ಎಂದು ಹೆಸರು. ಜಿ.ಎಸ್.ಎಂ. ಎಂಬ ಎರಡನೆಯ ತಲೆಮಾರಿನ ವ್ಯವಸ್ಥೆಯಲ್ಲಿ ಒಂದು ಸೆಕೆಂಡಿನ ಮಾತಿಗೆ 13,000 ಬಿಟ್‌ಗಳು ಬೇಕು. ಒಂದೊಂದು ಚೂರಿನ ಆಯುಸ್ಸು ಸೆಕೆಂಡಿನ ಐವತ್ತನೆಯ ಒಂದು ಭಾಗ. ಮುಂದಿನ ಚೂರು ಬರುವ ವೇಳೆಗೆ ಅದು ಕಿವಿಯನ್ನು ಸೇರಿರಬೇಕು. ತಡವಾಗಿ ಬಂದ ಚೂರನ್ನು ಎಸೆಯದೆ ಗತಿಯಿಲ್ಲ. ಮದುವೆ ಮುಗಿದ ಮೇಲೆ ಬಂದ ಓಲಗದವರಂತೆ ಅದರಿಂದ ಉಪಯೋಗವಿಲ್ಲ. ಅಂಥ ಚೂರುಗಳು ಒಂದರ ಮೇಲೊಂದು ನಷ್ಟವಾದಾಗ ಮಾತು ಮುರಿಯುತ್ತದೆ.

ಕಿರುಸಂದೇಶಕ್ಕೆ ಈ ಆತುರವಿಲ್ಲ. ಅದರ ಗಾತ್ರವೂ ಅಲ್ಪ; ಒಂದು ಸಂದೇಶಕ್ಕೆ ಹೆಚ್ಚೆಂದರೆ 1,120 ಬಿಟ್‌ಗಳು. ಒಂದು ನಿಮಿಷದ ಮಾತು ಬೇಡುವ ಬಿಟ್‌ಗಳಲ್ಲಿ ಸುಮಾರು 700 ಸಂದೇಶಗಳನ್ನು ಕಳುಹಿಸಬಹುದೆಂದು ವಾಚಕರೇ ಲೆಕ್ಕ ಹಾಕಿ ನೋಡಬಹುದು. ಇದಕ್ಕಿಂತಲೂ ಮುಖ್ಯವಾದುದೆಂದರೆ, ಸಂದೇಶವು ನೇರವಾಗಿ ಗೆಳೆಯನ ಬಳಿಗೆ ಹೋಗುವುದೇ ಇಲ್ಲ. ಅದು ಮೊದಲು ಒಂದು ಸಂದೇಶ ಕೇಂದ್ರವನ್ನು ಸೇರಿ, ಅಂಚೆಯ ಮನೆಯಲ್ಲಿನ ಕಾಗದದಂತೆ ಅಲ್ಲಿ ಉಳಿಯುತ್ತದೆ. ಗೆಳೆಯನ ಯಂತ್ರ ಸಿಕ್ಕದಿದ್ದರೆ ಕೇಂದ್ರವು ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಯತ್ನಿಸುತ್ತದೆ. ‘ಮುಟ್ಟಿತು’ ಎಂಬ ಮರುಸಂಕೇತ ಬರುವವರೆಗೆ, ಇಲ್ಲವೆ ಸಂದೇಶಕ್ಕೆ ಗೊತ್ತುಮಾಡಿದ ಅವಧಿ ಮುಗಿಯುವವರೆಗೆ, ಬಿಡುವುದಿಲ್ಲ. ಈಗ ಬಹುಜನರು ಬಳಸುವ ವಾಟ್ಸ್‌ಆಪ್ ಮುಂತಾದುವು ಅಂತರ್ಜಾಲದ ಮೂಲಕ ಸಾಗುವುವಾದರೂ ತತ್ತ್ವ ಇದೇ. ವಾಟ್ಸ್‌ಆಪ್ ವ್ಯವಸ್ಥೆಯು ತಲುಪದ ಸಂದೇಶವನ್ನು 30 ದಿನಗಳವರೆಗೆ ಇಟ್ಟುಕೊಂಡಿರುತ್ತದೆ. ಕಾಡಿನ ದಾರಿಯಲ್ಲಿ ಹೋಗುವವನಿಗೆ ಎಲ್ಲೋ ಒಂದು ತಿರುವಿನಲ್ಲಿ ಒಂದು ಕ್ಷಣ ಸಂಕೇತ ದೊರೆತರೂ ಸಾಕು, ಅಷ್ಟರಲ್ಲಿ ಓಲೆಯು ಕೈಸೇರುತ್ತದೆ. ದನಿಗೆ ಬೇಕಾದುದು ಕಡಿಯದ ಧಾರೆ. ಬರಹಕ್ಕೆ ಒಂದು ಹನಿಯ ಅವಕಾಶವಿದ್ದರೆ ಸಾಲದೆ?

ಈ ಗಾತ್ರದ ಕಥೆಯೂ ಸ್ವಾರಸ್ಯವಾದುದು. 1985ರಲ್ಲಿ ಜರ್ಮನಿಯ ಎಂಜಿನಿಯರ್ ಫ್ರೀಡ್‌ಹೆಲ್ಮ್ ಹಿಲ್ಲೆಬ್ರಾಂಡ್ ತನಗೆ ತೋಚಿದ ವಾಕ್ಯಗಳನ್ನೂ ಪ್ರಶ್ನೆಗಳನ್ನೂ ಬೆರಳಚ್ಚು ಮಾಡಿ ಅಕ್ಷರಗಳನ್ನು ಎಣಿಸುತ್ತ ಕುಳಿತನು. ಬಹಳ ಮಟ್ಟಿಗೆ ಎಲ್ಲವೂ 160ರೊಳಗೆ ಮುಗಿಯುತ್ತಿದ್ದುವು. ಜನರು ಅಂಚೆಯ ಕಾರ್ಡುಗಳಲ್ಲಿ ಬರೆಯುವುದೂ ಸುಮಾರಾಗಿ ಅಷ್ಟೇ ಎಂದು ಅವನು ಕಂಡುಕೊಂಡನು. ಕರೆಯ ಗಂಟೆಯನ್ನು ಬಾರಿಸುವುದಕ್ಕೂ, ಯಂತ್ರವು ಯಾವ ಗೋಪುರದ ಬಳಿ ಇದೆಯೆಂದು ತಿಳಿಯುವುದಕ್ಕೂ ಮೀಸಲಾಗಿದ್ದ ಸಂಜ್ಞೆಯ ದಾರಿಯು ಬಹಳ ಹೊತ್ತು ಬರಿದಾಗಿರುತ್ತಿತ್ತು. ಆ ಬರಿದು ದಾರಿಯಲ್ಲಿ ಕಾರ್ಡಿನಂಥ ಓಲೆಯೊಂದನ್ನು ತೂರಿಸಿದುದೇ ಕಿರುಸಂದೇಶ. 1992ರ ಡಿಸೆಂಬರ್ 3ರಂದು ಇಂಗ್ಲೆಂಡಿನಲ್ಲಿ ನೀಲ್ ಪ್ಯಾಪ್‌ವರ್ತ್ ಎಂಬ ತರುಣ ಎಂಜಿನಿಯರನು ಕ್ರಿಸ್ಮಸ್ ಶುಭಾಶಯವನ್ನು ಮೊದಲ ಸಂದೇಶವಾಗಿ ಕಳುಹಿಸಿದನು. ಅದನ್ನು ಪಡೆದವನ ಮೊಬೈಲಿನಲ್ಲಿ ಓದುವುದಕ್ಕೆ ಅನುಕೂಲವಿತ್ತೇ ಹೊರತು ಮರಳಿ ಬರೆಯುವುದಕ್ಕೆ ಕೀಲಿಗಳಿರಲಿಲ್ಲ!

ಆದರೆ ಈ 160 ಎಂಬುದು ರೋಮನ್ ಅಕ್ಷರಗಳ ಲೆಕ್ಕ. ಅಲ್ಲಿ ಒಂದು ಅಕ್ಷರಕ್ಕೆ 7 ಬಿಟ್‌ಗಳು ಸಾಕು. ಕನ್ನಡದ ಲಿಪಿಯನ್ನು ಸಾಮಾನ್ಯವಾಗಿ ಕಳುಹಿಸುವ ಪದ್ಧತಿಯಲ್ಲಿ ಒಂದೊಂದು ಚಿಹ್ನೆಗೂ 16 ಬಿಟ್‌ಗಳು ಬೇಕಾದುದರಿಂದ ಒಂದು ಸಂದೇಶದಲ್ಲಿ ಹಿಡಿಯುವುದು 70 ಚಿಹ್ನೆಗಳು ಮಾತ್ರ. ಚಿಹ್ನೆಯೆಂದರೆ ನಾವು ಉಚ್ಚರಿಸುವ ಅಕ್ಷರವೂ ಅಲ್ಲ. ‘ಗುಂಡ್ಲುಪೇಟೆ’ ಎಂಬುದು ನಮ್ಮ ಕಣ್ಣಿಗೆ ನಾಲ್ಕೇ ಅಕ್ಷರ. ಯಂತ್ರವಾದರೋ ವ್ಯಂಜನ, ಸ್ವರಚಿಹ್ನೆ, ಸೊನ್ನೆ, ಒತ್ತಿಗೆ ಕಾರಣವಾದ ಹಲಂತ ಎಲ್ಲವನ್ನೂ ಬಿಡಿಬಿಡಿಯಾಗಿ ಎಣಿಸಿ 11 ಎನ್ನುತ್ತದೆ. ಆ ಊರಿನ ಹೆಸರನ್ನು ರೋಮನ್ ಲಿಪಿಯಲ್ಲಿ ಬರೆದರೆ 70 ಬಿಟ್‌ಗಳು, ಕನ್ನಡದಲ್ಲಿ ಬರೆದರೆ 176. ಸಂದೇಶವೊಂದಕ್ಕೆ ಹಣ ತೆರಬೇಕಾಗಿದ್ದ ಕಾಲದಲ್ಲಿ ನಮ್ಮ ಯುವಕರು ಕನ್ನಡವನ್ನು ಇಂಗ್ಲಿಷ್ ಅಕ್ಷರಗಳಲ್ಲಿ, ಅದೂ ಸ್ವರಗಳನ್ನು ನುಂಗಿಬಿಟ್ಟು, ಬರೆಯಲು ಕಲಿತುದಕ್ಕೆ ಇದೂ ಒಂದು ಕಾರಣ. ಅಂದಿನ ಅನೇಕ ಮೊಬೈಲುಗಳಲ್ಲಿ ಕನ್ನಡದ ಅಕ್ಷರ ಮೂಡುತ್ತಲೂ ಇರಲಿಲ್ಲ, ಖಾಲಿ ಚೌಕಗಳು ಮೂಡುತ್ತಿದ್ದುವು. ಇಂದು ಆ ಅಡ್ಡಿಗಳು ಬಹುಮಟ್ಟಿಗೆ ಕಳೆದಿವೆ. ಅಭ್ಯಾಸ ಮಾತ್ರ ಉಳಿದಿದೆ. ಹೀಗೆ ದನಿಯನ್ನು ಬಿಟ್ಟ ಗೆಳೆಯರು ಎಷ್ಟೋ ವೇಳೆ ಲಿಪಿಯನ್ನೂ ಬಿಟ್ಟರು.

ಬೆಲೆಯೇ ಕಾರಣವೆ?

ಈಗ ‘ಅಗ್ಗ’ದ ವಾದವನ್ನು ಪರೀಕ್ಷಿಸೋಣ. ನಮ್ಮಲ್ಲಿ ಮಾತು ಬಹುಕಾಲ ದುಬಾರಿಯಾಗಿತ್ತೆಂಬುದು ನಿಜ. ಬೆಂಗಳೂರಿನ ದೂರವಾಣಿನಗರದಲ್ಲಿ 1948ರಲ್ಲಿ ಸ್ಥಾಪಿತವಾದ ಐ.ಟಿ.ಐ. ಕಾರ್ಖಾನೆಯಿಂದ ದೇಶಕ್ಕೆಲ್ಲ ದೂರವಾಣಿ ಯಂತ್ರಗಳು ಹೋಗುತ್ತಿದ್ದರೂ, ನಮ್ಮ ಹಳ್ಳಿಗಳಲ್ಲಿ ಅದನ್ನು ಕಂಡವರು ವಿರಳ. 1986ರ ಜುಲೈನಲ್ಲಿ ಬೆಳಗಾವಿ ಜಿಲ್ಲೆಯ ಕಿತ್ತೂರಿನಲ್ಲಿ, ಸಿ-ಡಾಟ್ ಸಂಸ್ಥೆಯು ಹಳ್ಳಿಗಳಿಗೆಂದೇ ರಚಿಸಿದ ಮೊದಲ ಸ್ವಯಂಚಾಲಿತ ವಿನಿಮಯ ಕೇಂದ್ರವು ಕೆಲಸ ಆರಂಭಿಸಿತು. ಧೂಳನ್ನೂ ಸೆಕೆಯನ್ನೂ ತಡೆದುಕೊಂಡು, ತಂಪು ಮಾಡುವ ಯಂತ್ರವಿಲ್ಲದೆ ನಡೆಯುವಂತೆ ಅದನ್ನು ರಚಿಸಿದ್ದರು. ಆ ಬಳಿಕ ಊರೂರಿಗೂ ದೂರವಾಣಿಯ ಅಂಗಡಿಗಳು ಬಂದುವು. ಅಲ್ಲಿ ನಿಂತು ಗೆಳೆಯನೊಡನೆ ಮಾತನಾಡುವವನ ಕಣ್ಣು ಗೋಡೆಯ ಮೇಲೆ ಓಡುವ ಕೆಂಪು ಅಂಕಿಗಳ ಮೇಲೆಯೇ ನೆಟ್ಟಿರುತ್ತಿತ್ತು. 1995ರ ಜುಲೈ 31ರಂದು ಭಾರತದಲ್ಲಿ ಮೊದಲ ಮೊಬೈಲ್ ಕರೆ ನಡೆದಾಗ ನಿಮಿಷಕ್ಕೆ 16 ರೂಪಾಯಿಯವರೆಗೂ ದರವಿತ್ತು. ಕರೆ ಮಾಡಿದವನಷ್ಟೇ ಅಲ್ಲ, ಕೇಳಿಸಿಕೊಂಡವನೂ ತೆರಬೇಕಾಗಿತ್ತು. ಒಳಬರುವ ಕರೆಗೆ ಬೆಲೆ ತಪ್ಪಿದುದು 2003ರಲ್ಲಿ.

ಈ ಬಡತನದಲ್ಲಿ ನಮ್ಮ ಜನ ಕಂಡುಹಿಡಿದ ‘ಮಿಸ್ಡ್ ಕಾಲ್’ ಎಂಬ ಉಪಾಯವನ್ನು ವಿಜ್ಞಾನದ ಪುಟಗಳಲ್ಲಿ ಸ್ಮರಿಸದಿರುವುದು ಅನ್ಯಾಯವಾದೀತು. ಒಂದು ಸಲ ಬಾರಿಸಿ ನಿಲ್ಲಿಸಿದರೆ ‘ತಲುಪಿದೆ’, ಎರಡು ಸಲವಾದರೆ ‘ಹೊರಗೆ ಬಾ’. ಇದು ಅಕ್ಷರವೂ ಇಲ್ಲದ, ಕಾಸೂ ಖರ್ಚಾಗದ ಸಂದೇಶ. ಗಂಟೆಯನ್ನು ಬಾರಿಸುವ ಸಂಜ್ಞೆಯೂ ಕಿರುಸಂದೇಶವೂ ನಡೆಯುವುದು ಮೇಲೆ ಹೇಳಿದ ಒಂದೇ ದಾರಿಯಲ್ಲಿ. ಹಿಲ್ಲೆಬ್ರಾಂಡ್ ಎಣಿಕೆ ಹಾಕಿ ಕಂಡುಕೊಂಡ ಬರಿದು ದಾರಿಯನ್ನು ನಮ್ಮ ಹಳ್ಳಿಗರು ಎಣಿಕೆಯಿಲ್ಲದೆಯೇ ಕಂಡುಕೊಂಡಿದ್ದರು.

ಆದರೆ 2016ರ ಸೆಪ್ಟೆಂಬರಿನಲ್ಲಿ ಜಿಯೋ ಸಂಸ್ಥೆಯು ಮಾತಿಗೆ ಬೇರೆ ಬೆಲೆಯಿಲ್ಲವೆಂದು ಸಾರಿ, ಉಳಿದ ಸಂಸ್ಥೆಗಳೂ ಅದೇ ಹಾದಿ ಹಿಡಿದ ಮೇಲೆ, ಗಂಟೆಗಟ್ಟಲೆ ಮಾತನಾಡಿದರೂ ಹೆಚ್ಚಿಗೆ ಕಾಸು ತೆರಬೇಕಾಗಿಲ್ಲ. ಬೆಲೆಯೇ ಕಾರಣವಾಗಿದ್ದಿದ್ದರೆ ಆ ದಿನದಿಂದ ಬರಹವು ಹಿಂಜರಿದು ಮಾತು ಮುನ್ನುಗ್ಗಬೇಕಾಗಿತ್ತು. ಹಾಗಾಗಲಿಲ್ಲ. ಮಾತು ಹೆಚ್ಚಿದುದುಂಟು; ಆದರೆ ಗೆಳೆಯರ ಬರಹವು ಕುಗ್ಗಲಿಲ್ಲ, ಇನ್ನೂ ಬೆಳೆಯಿತು. ಆದುದರಿಂದ ಗೆಳೆಯರನ್ನು ಮಾತಿನಿಂದ ಬರಹದ ಕಡೆಗೆ ಎಳೆದುದು ಹಣವೊಂದೇ ಅಲ್ಲ.

ಅದು ಕಾಲ. ಗೋಪುರದ ವಿಷಯದಲ್ಲಿ ನಾವು ಕಂಡ ತತ್ತ್ವವೇ ಮನುಷ್ಯರಿಗೂ ಅನ್ವಯಿಸುತ್ತದೆ. ಮಾತಿಗೆ ಇಬ್ಬರೂ ಒಂದೇ ಗಳಿಗೆಯಲ್ಲಿ ಬಿಡುವಾಗಿರಬೇಕು. ಎಚ್ಚರವಿರುವ ಹೊತ್ತಿನಲ್ಲಿ ಕಾಲು ಭಾಗ ಮಾತ್ರ ಬಿಡುವಿರುವ ಇಬ್ಬರು ಗೆಳೆಯರಿದ್ದಾರೆಂದು ಭಾವಿಸಿ. ಒಬ್ಬನ ಬಿಡುವಿಗೂ ಇನ್ನೊಬ್ಬನ ಬಿಡುವಿಗೂ ಸಂಬಂಧವಿಲ್ಲವೆನ್ನಿ. ಯಾವುದೇ ಗಳಿಗೆಯಲ್ಲಿ ಇಬ್ಬರೂ ಬಿಡುವಾಗಿರುವ ಸಂಭವ ಕಾಲರಲ್ಲಿ ಕಾಲು, ಎಂದರೆ ಹದಿನಾರರಲ್ಲಿ ಒಂದು. ಒಬ್ಬನು ತನ್ನ ಬಿಡುವಿನಲ್ಲಿ ಕರೆ ಮಾಡಿದರೂ ನಾಲ್ಕು ಸಲಕ್ಕೆ ಮೂರು ಸಲ ಇನ್ನೊಬ್ಬನು ಸಿಕ್ಕುವುದಿಲ್ಲ. ಮದ್ದೂರಿನಲ್ಲಿ ಹೊಲಕ್ಕೆ ನೀರು ಬಿಡುವುದು ವಿದ್ಯುತ್ತು ಬಂದ ಹೊತ್ತಿನಲ್ಲಿ. ಹೂವನ್ನು ಬಿಡಿಸುವುದು ಕೊಯ್ಲಿನ ಹೊತ್ತಿನಲ್ಲಿ. ಬೆಂಗಳೂರಿನ ಗೆಳೆಯನಿಗೆ ಪಾಳಿಯ ಕೆಲಸ. ಬಾಲ್ಯದಲ್ಲಿ ಒಂದೇ ಬೆಂಚಿನ ಮೇಲೆ ಕುಳಿತಿದ್ದವರ ಗಡಿಯಾರಗಳು ಬೇರೆಬೇರೆಯಾಗಿವೆ. ಬರಹವು ಈ ಎರಡು ಗಡಿಯಾರಗಳನ್ನು ಹೊಂದಿಸಬೇಕೆಂದು ಕೇಳುವುದಿಲ್ಲ. ನಡುವೆ ತಾನೇ ಕಾದು ನಿಲ್ಲುತ್ತದೆ.

ಇನ್ನೊಂದು ಕಾರಣವನ್ನು ಹೇಳಿ ಮುಂದೆ ಹೋಗೋಣ. ಎರಡೇ ಕೋಣೆಗಳ ಮನೆಯಲ್ಲಿ ಆರು ಮಂದಿಯಿದ್ದಾಗ ಗೆಳೆಯನೊಡನೆ ಮನಸ್ಸು ಬಿಚ್ಚಿ ಮಾತನಾಡುವುದು ಸಾಧ್ಯವೆ? ಬರಹಕ್ಕೆ ಸದ್ದಿಲ್ಲ. ತಂದೆ ವಾರ್ತೆ ಕೇಳುತ್ತಿರಲಿ, ಅಜ್ಜಿ ಪಕ್ಕದಲ್ಲಿಯೇ ಕುಳಿತಿರಲಿ, ಹದಿಹರೆಯದ ಹುಡುಗಿಯು ತನ್ನ ಗೆಳತಿಯ ಸಂಗಡ ಗುಟ್ಟಾಡಬಹುದು. ಕಿವಿ ಕೇಳದವರಿಗಂತೂ ಇದು ವರವಾಗಿ ಬಂದಿತು. ಬಹುಕಾಲ ದೂರವಾಣಿಯ ಲೋಕದಿಂದ ಬಹುಮಟ್ಟಿಗೆ ಹೊರಗೇ ಉಳಿದಿದ್ದ ಅವರು, ಕಿರುಸಂದೇಶದಿಂದ ಯಾರ ನೆರವನ್ನೂ ಬೇಡದೆ ಗೆಳೆಯರೊಡನೆ ಸುಲಭವಾಗಿ ಹರಟುವಂತಾದರು. ಬರಹವನ್ನು ಹಳಿಯುವ ಹಿರಿಯರು ಇದನ್ನು ನೆನೆಯಬೇಕು.

ದನಿಯಲ್ಲಿ ಏನಿದೆ?

ಹಾಗಾದರೆ ನಷ್ಟವೇನೂ ಇಲ್ಲವೆ? ದನಿಯು ಹೊತ್ತು ತರುವುದು ಶಬ್ದಗಳನ್ನು ಮಾತ್ರವೇ ಆಗಿದ್ದರೆ ಇಲ್ಲವೆನ್ನಬಹುದಾಗಿತ್ತು. ‘ಬಂದೆಯಾ?’ ಎಂಬ ಒಂದು ಪದವನ್ನೇ ತೆಗೆದುಕೊಳ್ಳಿ. ಅದನ್ನು ಹಿಗ್ಗಿನಿಂದ ಹೇಳಬಹುದು, ಅಣಕದಿಂದ ಹೇಳಬಹುದು, ತಡವಾಯಿತೆಂಬ ಮುನಿಸಿನಿಂದಲೂ ಹೇಳಬಹುದು. ಶಬ್ದ ಒಂದೇ, ಸ್ವರದ ಏರಿಳಿತ, ವೇಗ, ನಡುವಿನ ತಡೆ ಇವು ಬೇರೆ. ಹಳೆಯ ದೂರವಾಣಿಯು ಸೆಕೆಂಡಿಗೆ 300ರಿಂದ 3,400ರವರೆಗಿನ ಕಂಪನಗಳನ್ನಷ್ಟೇ ಸಾಗಿಸುತ್ತಿತ್ತು. ಆ ಇಕ್ಕಟ್ಟಿನ ಕಿಂಡಿಯಲ್ಲಿಯೂ ತಾಯಿಯು ಮಗನ ಒಂದು ‘ಹಲೋ’ದಿಂದ ಅವನಿಗೆ ನೆಗಡಿಯಾಗಿದೆಯೆಂದು ತಿಳಿಯಬಲ್ಲವಳಾಗಿದ್ದಳು.

ಇದಕ್ಕೆ ಪ್ರಯೋಗದ ಆಧಾರವೂ ಇದೆ. 2005ರಲ್ಲಿ ಅಮೆರಿಕದ ಜಸ್ಟಿನ್ ಕ್ರೂಗರ್ ಮತ್ತು ಸಂಗಡಿಗರು ವಿದ್ಯಾರ್ಥಿಗಳಿಂದ ಕೆಲವು ವಾಕ್ಯಗಳನ್ನು ನಿಜವಾಗಿಯೂ, ಕೆಲವನ್ನು ವ್ಯಂಗ್ಯವಾಗಿಯೂ ಕಳುಹಿಸಿ ನೋಡಿದರು. ಕೆಲವರು ದನಿಯಲ್ಲಿ, ಕೆಲವರು ವಿದ್ಯುನ್ಮಾನ ಅಂಚೆಯಲ್ಲಿ. ನೂರಕ್ಕೆ ಸುಮಾರು 78ನ್ನು ಎದುರಿನವರು ಸರಿಯಾಗಿ ಗುರುತಿಸುವರೆಂದು ಎರಡು ಗುಂಪಿನವರೂ ನಂಬಿದ್ದರು. ದನಿಯನ್ನು ಕೇಳಿದವರು ಸುಮಾರು 73ನ್ನು ಗುರುತಿಸಿದರು. ಬರಹವನ್ನು ಓದಿದವರು ಗುರುತಿಸಿದುದು ಸುಮಾರು 56; ಕಣ್ಣು ಮುಚ್ಚಿಕೊಂಡು ನಾಣ್ಯ ಚಿಮ್ಮಿದ್ದರೂ 50 ಸರಿಹೋಗುತ್ತಿತ್ತು! ಬರೆಯುವವನು ತನ್ನ ವಾಕ್ಯವನ್ನು ತನ್ನ ಮನಸ್ಸಿನ ದನಿಯಲ್ಲಿ ಕೇಳಿಕೊಳ್ಳುತ್ತಾನೆ; ಓದುವವನಿಗೆ ಆ ದನಿ ಮುಟ್ಟಿಲ್ಲವೆಂಬುದು ಅವನಿಗೆ ಹೊಳೆಯುವುದೇ ಇಲ್ಲ. ನಗುವ ಮುಖ, ಅಳುವ ಮುಖಗಳ ಪುಟ್ಟ ಚಿತ್ರಗಳು ಹುಟ್ಟಿದುದು ಈ ಕೊರತೆಯನ್ನು ತುಂಬಲೆಂದೇ.

ಮಾತಿನಲ್ಲಿ ಇನ್ನೂ ಸೂಕ್ಷ್ಮವಾದ ಒಂದು ಗುಣವಿದೆ. ಒಬ್ಬನು ಮಾತು ನಿಲ್ಲಿಸಿದ ಮೇಲೆ ಇನ್ನೊಬ್ಬನು ಆರಂಭಿಸುವವರೆಗಿನ ಬಿಡುವು ಎಷ್ಟಿರಬಹುದು? ಪ್ರಪಂಚದ ಹತ್ತು ಭಾಷೆಗಳನ್ನು ಪರೀಕ್ಷಿಸಿ 2009ರಲ್ಲಿ ಪ್ರಕಟವಾದ ಸಂಶೋಧನೆಯೊಂದರ ಪ್ರಕಾರ ಅದು ಸರಾಸರಿ ಒಂದು ಸೆಕೆಂಡಿನ ಐದನೆಯ ಒಂದು ಭಾಗದ ಆಸುಪಾಸಿನಲ್ಲಿದೆ. ಒಂದು ಪದವನ್ನು ಮನಸ್ಸಿನಲ್ಲಿ ಸಿದ್ಧಪಡಿಸಿಕೊಳ್ಳುವುದಕ್ಕೇ ಅದಕ್ಕಿಂತ ಹೆಚ್ಚು ಕಾಲ ಬೇಕು. ಎಂದರೆ ಕೇಳುವವನು ಮಾತು ಮುಗಿಯುವ ಮುಂಚೆಯೇ ಅದರ ಕೊನೆಯನ್ನು ಊಹಿಸಿ, ಉತ್ತರವನ್ನು ಹೊಸೆಯುತ್ತಿರುತ್ತಾನೆ. ಹರಟೆಯೆಂಬುದು ಸರದಿಯ ಮೇಲೆ ಮಾಡುವ ಭಾಷಣವಲ್ಲ, ಇಬ್ಬರು ಸೇರಿ ಒನಕೆ ಹಾಕುವ ಕೆಲಸ. ನಮ್ಮ ಅಜ್ಜಿಯರು ಕಥೆ ಹೇಳುವಾಗ ಮಕ್ಕಳು ‘ಹೂಂ’ಗುಟ್ಟದಿದ್ದರೆ ಕಥೆಯನ್ನು ನಿಲ್ಲಿಸಿಬಿಡುತ್ತಿದ್ದುದು ಸುಮ್ಮನೆ ಅಲ್ಲ. ಆ ‘ಹೂಂ’ ಎಂಬುದಕ್ಕೆ ಅರ್ಥವಿಲ್ಲ, ಆದರೆ ‘ಇಲ್ಲಿದ್ದೇನೆ’ ಎಂಬ ಭರವಸೆಯುಂಟು. ಅದನ್ನೇ ಬರೆದು ಕಳುಹಿಸಿ ನೋಡಿ: ಗೆಳೆಯನಿಗೆ ಅದು ತಾತ್ಸಾರವೆಂದು ತೋರೀತು. ಬರಹದಲ್ಲಿ ಮೌನದ ಅರ್ಥವೂ ಕೆಡುತ್ತದೆ. 2014ರಲ್ಲಿ ವಾಟ್ಸ್‌ಆಪಿನಲ್ಲಿ ಸಂದೇಶವನ್ನು ಓದಿದುದಕ್ಕೆ ನೀಲಿ ಗುರುತು ಮೂಡತೊಡಗಿದ ಮೇಲೆ, ‘ಓದಿಯೂ ಉತ್ತರಿಸಲಿಲ್ಲ’ ಎಂಬ ಹೊಸದೊಂದು ಮುನಿಸಿಗೆ ಎಡೆಯಾಯಿತು.

ಮುನಿಸು ಹೇಗೂ ಕಳೆದೀತು. ಕಷ್ಟದ ಹೊತ್ತಿನ ಮಾತೇ ಬೇರೆ. ವಿಸ್ಕಾನ್ಸಿನ್ ವಿಶ್ವವಿದ್ಯಾನಿಲಯದ ಲೆಸ್ಲಿ ಸೆಲ್ಟ್ಸರ್ ಮತ್ತು ಸಂಗಡಿಗರು 7ರಿಂದ 12 ವರ್ಷ ವಯಸ್ಸಿನ 61 ಹುಡುಗಿಯರನ್ನು ಅಪರಿಚಿತರ ಮುಂದೆ ನಿಲ್ಲಿಸಿ ಭಾಷಣ ಮಾಡಿಸಿ, ಲೆಕ್ಕ ಹಾಕಿಸಿ, ಅವರ ಮನಸ್ಸು ಕಳವಳಗೊಳ್ಳುವಂತೆ ಮಾಡಿದರು. ಆಮೇಲೆ ಕೆಲವರ ತಾಯಂದಿರು ಬಂದು ಮಕ್ಕಳನ್ನು ಅಪ್ಪಿಕೊಂಡರು. ಕೆಲವರ ತಾಯಂದಿರು ದೂರವಾಣಿಯಲ್ಲಿ ಮಾತನಾಡಿದರು. ಉಳಿದ ಮಕ್ಕಳಿಗೆ ತಾಯಿಯ ಸಂಪರ್ಕವಿರಲಿಲ್ಲ. ಕಳವಳದಲ್ಲಿ ದೇಹವು ಸುರಿಸುವ ಕಾರ್ಟಿಸಾಲ್ ಎಂಬ ರಸವು ತಾಯಿಯ ದನಿಯನ್ನು ಕೇಳಿದ ಮಕ್ಕಳಲ್ಲಿ ಬೇಗ ಇಳಿಯಿತು; ಮಮತೆಗೆ ಸಂಬಂಧಿಸಿದ ಆಕ್ಸಿಟೋಸಿನ್ ಎಂಬ ರಸವು ಏರಿತು; ಅಪ್ಪುಗೆಯನ್ನು ಪಡೆದ ಮಕ್ಕಳಲ್ಲಿಯೂ ಹೀಗೆಯೇ ಆಗಿತ್ತು. ಇದು ಪ್ರಕಟವಾದುದು 2010ರಲ್ಲಿ. ಎರಡು ವರ್ಷಗಳ ಬಳಿಕ ಅವರು ಬರಹವನ್ನೂ ಪರೀಕ್ಷೆಗೆ ಸೇರಿಸಿದರು. ತಾಯಿಯು ಸಂದೇಶಗಳನ್ನು ಬರೆದು ಸಂತೈಸಿದ ಮಕ್ಕಳಲ್ಲಿ ಕಾರ್ಟಿಸಾಲ್ ಇಳಿಯಲಿಲ್ಲ, ಆಕ್ಸಿಟೋಸಿನ್ ಏರಲಿಲ್ಲ. ಸಂತೈಕೆಯೇ ಇಲ್ಲದ ಮಕ್ಕಳಂತೆಯೇ ಅವರಿದ್ದರು. ಇವು ತಾಯಿ–ಮಕ್ಕಳ ವಿಷಯದ ಪ್ರಯೋಗಗಳು, ಗೆಳೆಯರವಲ್ಲ, ಸಂಖ್ಯೆಯೂ ದೊಡ್ಡದಲ್ಲ. ಆದರೂ ಮದ್ದೂರಿನ ಯುವಕನು ಬೆಳೆ ಕೈಕೊಟ್ಟ ವರ್ಷದಲ್ಲಿ ಗೆಳೆಯನಿಗೆ ‘ಚೆನ್ನಾಗಿದ್ದೇನೆ’ ಎಂದು ಬರೆದರೆ, ಆ ಅಕ್ಷರಗಳು ಸುಳ್ಳು ಹೇಳಿಯಾವು. ಗಂಟಲು ಅಷ್ಟು ಸುಲಭವಾಗಿ ಹೇಳಲಾರದು. ಗೆಳೆತನದಲ್ಲಿ ಹೀಗೆ ಸಿಕ್ಕಿಬೀಳುವುದೂ ಒಂದು ರಕ್ಷಣೆಯೇ.

ಸುದ್ದಿಗೆ ಬರಹವೇ ಮೇಲೆಂದು ತೋರಿದರೂ ಅಲ್ಲಿಯೂ ಒಂದು ಅಪಾಯವಿದೆ. 2012ರ ಆಗಸ್ಟ್ ತಿಂಗಳಲ್ಲಿ ಬೆಂಗಳೂರಿನಲ್ಲಿದ್ದ ಈಶಾನ್ಯ ಭಾರತದ ಜನರ ಮೇಲೆ ಹಲ್ಲೆಯಾಗುವುದೆಂಬ ಸುಳ್ಳು ಸಂದೇಶಗಳು ಹರಡಿ, ಸಾವಿರಾರು ಮಂದಿ ಗಂಟುಮೂಟೆ ಕಟ್ಟಿಕೊಂಡು ರೈಲು ಹತ್ತಿದರು. ಕೇಂದ್ರ ಸರ್ಕಾರವು ಹದಿನೈದು ದಿನಗಳ ಕಾಲ ಒಂದೇ ಬಾರಿಗೆ ಐದಕ್ಕಿಂತ ಹೆಚ್ಚು ಸಂದೇಶಗಳನ್ನು ಕಳುಹಿಸದಂತೆ ತಡೆ ಹಾಕಿತು. ಪರಿಚಿತರಿಂದಲೇ ಬಂದ ಸಂದೇಶವನ್ನು ಸುಳ್ಳೆಂದು ಯಾರು ತಾನೇ ಭಾವಿಸಿಯಾರು? ಮುಖಾಮುಖಿಯಾಗಿಯೋ ದನಿಯಲ್ಲಿಯೋ ಹೇಳಿದ್ದರೆ ‘ನಿನಗೆ ಯಾರು ಹೇಳಿದರು?’ ಎಂಬ ಪ್ರಶ್ನೆ ಒಡನೆಯೇ ಹುಟ್ಟುತ್ತಿತ್ತು. ಬರಹವು ಪ್ರಶ್ನೆಗೆ ಕಾಯದೆ ಮುಂದಿನ ಕೈಗೆ ದಾಟಿಬಿಡುತ್ತದೆ.

ಇಷ್ಟಾದರೂ ಜನರು ಕರೆ ಮಾಡಲು ಹಿಂಜರಿಯುವುದೇಕೆ? ಟೆಕ್ಸಾಸಿನ ಅಮಿತ್ ಕುಮಾರ್ ಮತ್ತು ಷಿಕಾಗೋದ ನಿಕೋಲಸ್ ಎಪ್ಲಿ ಎಂಬ ಮನಶ್ಶಾಸ್ತ್ರಜ್ಞರು 2021ರಲ್ಲಿ ಪ್ರಕಟಿಸಿದ ಪ್ರಯೋಗವು ಇಲ್ಲಿ ಬೆಳಕು ಬೀರುತ್ತದೆ. ಬಹುಕಾಲ ಸಂಪರ್ಕವಿಲ್ಲದ ಹಳೆಯ ಗೆಳೆಯನನ್ನು ಮತ್ತೆ ಕಾಣಬೇಕಾದರೆ ದನಿಯೋ ಬರಹವೋ ಎಂದು ಕೇಳಿದಾಗ, ದನಿಯಿಂದ ಆತ್ಮೀಯತೆ ಹೆಚ್ಚೆಂದು ಒಪ್ಪಿಕೊಂಡವರೂ ‘ಮುಜುಗರವಾದೀತು’ ಎಂದು ಬರಹವನ್ನೇ ಬಯಸಿದರು. ಚೀಟಿಯೆತ್ತಿದಂತೆ ಕೆಲವರಿಗೆ ದನಿಯನ್ನೂ ಕೆಲವರಿಗೆ ಬರಹವನ್ನೂ ನೇಮಿಸಿದಾಗ, ಮಾತನಾಡಿದವರಿಗೆ ಆತ್ಮೀಯತೆ ಹೆಚ್ಚಾಯಿತು. ನಿರೀಕ್ಷಿಸಿದ್ದ ಮುಜುಗರ ಮಾತ್ರ ಬರಲೇ ಇಲ್ಲ. 2020ರಲ್ಲಿ ಸಾಂಕ್ರಾಮಿಕ ರೋಗದಿಂದ ಜನ ಮನೆಗಳಲ್ಲಿ ಸೆರೆಯಾದಾಗ ಅಮೆರಿಕದ ದೊಡ್ಡ ದೂರವಾಣಿ ಸಂಸ್ಥೆಗಳು ಕಂಡುದೂ ಇದನ್ನೇ: ಎಲ್ಲರಿಗೂ ಬಿಡುವು ಒಟ್ಟಿಗೇ ದೊರೆತ ಕೂಡಲೆ ಕರೆಗಳು ಏಕಾಏಕಿ ಏರಿದುವು.

ಈಚೆಗೆ ಎರಡರ ನಡುವಿನ ಒಂದು ರೀತಿಯೂ ಬಳಕೆಗೆ ಬಂದಿದೆ. 2013ರಲ್ಲಿ ವಾಟ್ಸ್‌ಆಪಿಗೆ ಸೇರಿದ ಧ್ವನಿಸಂದೇಶದಲ್ಲಿ ನಮ್ಮ ದನಿಯು ಓಲೆಯಂತೆ ಕಾಯುತ್ತದೆ. ಅಕ್ಷರ ಬಾರದವರಿಗೆ ಇದರಿಂದಾದ ಉಪಕಾರ ದೊಡ್ಡದು. ಓದುಬರಹ ಕಲಿಯದ ಮುದುಕಿಯು ಪೇಟೆಯಲ್ಲಿರುವ ತನ್ನ ಗೆಳತಿಗೆ ಇಡೀ ಬೀದಿಯ ಸುದ್ದಿಯನ್ನು ಒಂದೇ ಉಸಿರಿನಲ್ಲಿ ಹೇಳಿ ಕಳುಹಿಸಬಲ್ಲಳು. ಗೆಳತಿಯು ಅಡಿಗೆ ಮುಗಿದ ಮೇಲೆ ಕೇಳಬಲ್ಲಳು. ಏರಿಳಿತಗಳೆಲ್ಲ ಅದರಲ್ಲಿ ಉಳಿಯುತ್ತವೆ. ‘ಹೂಂ’ಗುಟ್ಟುವವರು ಮಾತ್ರ ಇರುವುದಿಲ್ಲ. ಹಿಂದೆ ಓದಲು ಬಾರದವರು ಅಂಚೆಯ ಪೇದೆಯಿಂದ ಕಾಗದವನ್ನು ಓದಿಸಿಕೊಳ್ಳುತ್ತಿದ್ದರು. ಮನೆಯ ಗುಟ್ಟೆಲ್ಲ ಅವನ ಪಾಲಾಗುತ್ತಿತ್ತು. ಆ ಸಂಕೋಚವೀಗ ತಪ್ಪಿತು.

ಗೆಳೆಯರಲ್ಲಿ ಇನ್ನೊಂದು ಪದ್ಧತಿಯೂ ಬೆಳೆಯುತ್ತಿದೆ. ‘ಬಿಡುವಿದೆಯೆ? ಕರೆ ಮಾಡಲೆ?’ ಎಂದು ಮೊದಲು ಬರೆದು ಕೇಳಿ, ‘ಒಂಬತ್ತಕ್ಕೆ ಮಾಡು’ ಎಂಬ ಉತ್ತರ ಬಂದ ಮೇಲೆ ಮಾತನಾಡುವುದು. ಮುನ್ಸೂಚನೆಯಿಲ್ಲದೆ ಗಂಟೆ ಬಾರಿಸಿದರೆ ಏನೋ ಕೇಡು ಸಂಭವಿಸಿತೆಂದು ಎದೆ ನಡುಗುವ ಕಾಲ ಬಂದಿದೆ; ಒಂದು ಕಾಲಕ್ಕೆ ತಂತಿ ಬಂದರೆ ಹೀಗಾಗುತ್ತಿತ್ತು. ನಮ್ಮ ದೇಶದಲ್ಲಿ ಚಂದಾದಾರನು ತಾನೇ ನೇರವಾಗಿ ದೂರದ ಊರಿಗೆ ಕರೆ ಮಾಡುವ ಅನುಕೂಲವು 1960ರಲ್ಲಿ ಕಾನ್ಪುರ–ಲಕ್ನೋಗಳ ನಡುವೆ ಆರಂಭವಾಯಿತು. ಅದಕ್ಕೆ ಮುಂಚೆ, ಎಷ್ಟೋ ಊರುಗಳಲ್ಲಿ ಅದಾದ ಬಹುಕಾಲದವರೆಗೂ, ಟ್ರಂಕ್ ಕರೆಯನ್ನು ಕಾದಿರಿಸಿ, ಸಾಧಾರಣ, ತುರ್ತು, ಅತಿತುರ್ತು ಎಂದು ದರ್ಜೆಯನ್ನು ತಿಳಿಸಿ, ವಿನಿಮಯ ಕೇಂದ್ರದವರು ಎರಡು ಕಡೆಗಳನ್ನೂ ಹೊಂದಿಸುವವರೆಗೆ ಕಾದಿರಬೇಕಾಗಿತ್ತು. ಮದ್ದೂರಿನ ಯುವಕನು ಬೆಂಗಳೂರಿನ ಗೆಳೆಯನಿಗೆ ‘ಒಂಬತ್ತಕ್ಕೆ ಮಾಡಲೆ?’ ಎಂದು ಬರೆಯುವಾಗ ಮಾಡುತ್ತಿರುವುದು ಅದೇ ಕಾದಿರಿಸುವ ಕೆಲಸವನ್ನೇ. ಕಾಡಂಚಿನಿಂದ ಸಂಕೇತ ಚೆನ್ನಾಗಿ ಸಿಕ್ಕುವ ದಿಣ್ಣೆಯವರೆಗೆ ನಡೆದುಹೋಗಲು ಅವನಿಗೆ ಅಷ್ಟು ಹೊತ್ತು ಹೇಗೂ ಬೇಕು.